‘ಬಿಸಿನೀರು’ ಮತ್ತೆ ಹಾಡಿದ ವರ್ಷ

ಹೋದ ತಿಂಗಳು ಕಣ್ಣು ತೋರಿಸಿಕೊಳ್ಳಲು ಕೈಲಾಂಚದಿಂದ ರಾಮನಗರಕ್ಕೆ ಹೋಗಿದ್ದೆ. ಡಾಕ್ಟರು ಕಣ್ಣಿಗೆ ಹನಿ ಹಾಕಿ ಕಳಿಸಿದ್ದರಿಂದ ಎದುರಿಗಿದ್ದದ್ದೆಲ್ಲ ಮಂಜುಮಂಜಾಗಿ ಕಾಣುತ್ತಿತ್ತು. ಬಸ್ ಸ್ಟ್ಯಾಂಡಿಗೆ ಹತ್ತಿರದ ದಾರಿಯೆಂದು ಗೂಡು ಮಾರುಕಟ್ಟೆಯ ಹಿಂದಿನ ಓಣಿಗೆ ತಿರುಗಿಕೊಂಡೆ. ಕಣ್ಣು ಮಂಕಾದಾಗ ಮೂಗು ಚುರುಕಾಗುತ್ತದೋ ಏನೋ, ಎಲ್ಲಿಂದಲೋ ಗೂಡು ಬೇಯುವ ವಾಸನೆ ಬಂತು. ರೇಷ್ಮೆ ಗೂಡನ್ನು ಕುದಿಯುವ ನೀರಿಗೆ ಹಾಕಿದಾಗ ಒಳಗಿನ ಹುಳು ಬೆಂದು ಏಳುವ ವಾಸನೆ ಅದು. ಹೊರಗಿನವರು ಮೂಗಿಗೆ ಕರ್ಚೀಫು ಹಿಡಿಯುತ್ತಾರೆ. ನನಗಾದರೆ ಹಸಿವಾಗುತ್ತದೆ, ಮೂವತ್ತು ವರ್ಷ ಆ ವಾಸನೆಯಲ್ಲೇ ಕೂತು ಮುದ್ದೆ ಉಂಡವನು ನಾನು.

ಅವತ್ತು ಹಸಿವಾಗಲಿಲ್ಲ. ಚೆಲುವನ ನೆನಪಾಯಿತು. ಅವನ ವಿಷಯದಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಹೆಂಡತಿಗೂ ಹೇಳಿಲ್ಲ. ಈಗ ಬರೆದುಬಿಡುತ್ತೇನೆ. ಬರೆಯುವುದು ನನ್ನ ಕಸುಬಲ್ಲ, ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿದವನು. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಕೈಲಾಂಚದಲ್ಲಿ ನಮಗೆ ಹಿಪ್ಪುನೇರಳೆ ತೋಟ. ನಮ್ಮಪ್ಪ ಗೂಡು ಬೆಳೆಯುವುದರ ಜೊತೆಗೆ ನೂಲನ್ನೂ ತೆಗೆಯೋಣವೆಂದು ರಾಮನಗರದಲ್ಲಿ ಒಂದು ಶೆಡ್ಡು ಹಾಕಿದರು. ಒಂದು ಕಡೆ ಗೂಡು ಬೇಯಿಸಿ ಎಳೆ ಎಳೆಯುವ ಬಿಸಿನೀರಿನ ಬೇಸಿನ್ನುಗಳು, ಇನ್ನೊಂದು ಕಡೆ ನೂಲಿಗೆ ಹುರಿ ಹಾಕುವ ಟ್ವಿಸ್ಟಿಂಗ್ ಮಷಿನ್ನು. ಮಷಿನ್ನು ಓಡುವಾಗ ಪಕ್ಕದಲ್ಲಿ ನಿಂತವನ ಮಾತೂ ಕೇಳುವುದಿಲ್ಲ. ಅಲ್ಲಿ ದುಡಿಯುವವರು ಒಬ್ಬರ ತುಟಿ ಒಬ್ಬರು ನೋಡಿಕೊಂಡೇ ಮಾತಾಡುವುದು. ಆ ಶೆಡ್ಡಿಗೆ ಕೆಲಸಕ್ಕೆ ಬಂದವನು ಚೆಲುವರಾಜ. ಕನಕಪುರದ ಕಡೆ ಕೋಡಿಹಳ್ಳಿಯವನು, ನನಗಿಂತ ಐದಾರು ವರ್ಷ ಚಿಕ್ಕವನು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆಳ್ಳಗಾದ ಬೆರಳುಗಳಲ್ಲಿ ಅವನು ಗಿಟಾರು ಬಾರಿಸುತ್ತಿದ್ದ. ಬೆಂಗಳೂರಿನಿಂದ ಯಾರೋ ಬಳಸಿ ಬಿಟ್ಟ ಕರೆಂಟಿನ ಗಿಟಾರನ್ನು ತಂದು, ಪಕ್ಕದ ಶೆಡ್ಡಿನ ಅನ್ವರನ ಕೈಗೆ ಡ್ರಮ್ಮು ಕೊಟ್ಟು, ಇನ್ನಿಬ್ಬರನ್ನು ಸೇರಿಸಿಕೊಂಡು ಒಂದು ಬ್ಯಾಂಡು ಕಟ್ಟಿದ. ಹೆಸರು ‘ಬಿಸಿನೀರು’. ಹೆಸರು ಕೇಳಿ ಊರೆಲ್ಲ ನಕ್ಕಿತು. ಸ್ನಾನಕ್ಕೆ ಕರೀತಾವ್ರೋ ಹಾಡಕ್ಕೆ ಕರೀತಾವ್ರೋ ಎಂದರು. ಅವರು ಹಾಡುವುದಕ್ಕೆ ರಾಕ್ ಎನ್ನುತ್ತಾರೆಂದು ನಮಗೆ ಗೊತ್ತಾಗಿದ್ದು ಬೆಂಗಳೂರಿನ ಕಾಲೇಜು ಹುಡುಗರು ಬಂದು ಕೇಳಿದ ಮೇಲೆ.

ಅವರ ಹಾಡು ಶೆಡ್ಡಿನಲ್ಲಿ ಹುಟ್ಟಿದ್ದರಿಂದ ಶೆಡ್ಡಿನಲ್ಲೇ ಪರೀಕ್ಷೆಯಾಗುತ್ತಿತ್ತು. ಹೊಸ ಹಾಡು ಕಟ್ಟಿದರೆ ಮೊದಲು ನಮ್ಮಲ್ಲಿ ಟೇಪ್ ರೆಕಾರ್ಡರಿಗೆ ಹಾಕುವುದು. ಎಲ್ಲ ಮಷಿನ್ನೂ ಓಡುತ್ತಿರಬೇಕು. ಆ ಗದ್ದಲದ ಮೇಲೆ ಹಾಡು ಎದ್ದು ಕೇಳಿಸಿ, ಬೇಸಿನ್ ಮುಂದೆ ಕೂತವರ ಕಾಲು ತಾಳ ಹಾಕಿದರೆ ‘ಶೆಡ್ಡು ದಾಟಿತು’ ಎನ್ನುತ್ತಿದ್ದೆವು. ದಾಟದಿದ್ದರೆ ಚೆಲುವ ಮರುಮಾತಾಡದೆ ಆ ಹಾಡನ್ನು ಬಿಟ್ಟುಬಿಡುತ್ತಿದ್ದ. ಹೀಗೆ ದಾಟಿದ ಹಾಡುಗಳಿಂದ ಎರಡು ಕ್ಯಾಸೆಟ್ಟು ಬಂದವು. ‘ಎಳಿಯೋ ಎಳಿಯೋ ಎಳೆ ಕಡೀಬಾರ್ದು’ ಎಂದು ಅವನು ಗಂಟಲು ಹರಿಯುವಂತೆ ಕೂಗುವ ಹಾಡು ಮಾಗಡಿಯಿಂದ ಚನ್ನಪಟ್ಟಣದವರೆಗೆ ಟೆಂಪೋಗಳಲ್ಲಿ, ಹೇರ್ ಕಟಿಂಗ್ ಅಂಗಡಿಗಳಲ್ಲಿ, ಬೊಂಬೆ ಮಾಡುವವರ ಮನೆಗಳಲ್ಲಿ ಓಡಿತು. ಆಮೇಲೆ ಸಂಸಾರ, ಸಾಲು ಸಾಲು ತಾಪತ್ರಯ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಡು ಸುಮ್ಮನಾಯಿತು. ನಾವು ಅಭಿಮಾನಿಗಳು ಮಾತ್ರ ಆ ಎರಡು ಕ್ಯಾಸೆಟ್ಟುಗಳನ್ನು ಸವೆಯುವವರೆಗೂ ಕೇಳಿಕೊಂಡು ಮುದುಕರಾದೆವು.

ಇಷ್ಟರಲ್ಲಿ ಎರಡು ಸಾವಿರದ ಇಸವಿ ದಾಟಿತ್ತು. ಬಿಡದಿಯಲ್ಲಿ ಕಾರು ಫ್ಯಾಕ್ಟರಿ ಬಂದು, ಅದರ ಹಿಂದೆ ಇನ್ನಷ್ಟು ಫ್ಯಾಕ್ಟರಿ ಬಂದು, ಬೆಳಿಗ್ಗೆ ಹೊತ್ತು ನಮ್ಮ ಓಣಿಯ ಹುಡುಗರೆಲ್ಲ ಒಂದೇ ಬಣ್ಣದ ಶರ್ಟು ತೊಟ್ಟು ಬಸ್ಸಿಗೆ ಕಾಯುತ್ತಿದ್ದರು. ಮೈಸೂರು ರಸ್ತೆ ಅಗಲ ಮಾಡಲು ಎರಡೂ ಕಡೆಯ ಮರ ಕಡಿದಿದ್ದರು. ಚೀನಾ ನೂಲು ಬಂದು ಅಕ್ಕಪಕ್ಕದ ಶೆಡ್ಡುಗಳು ಒಂದೊಂದಾಗಿ ಬಾಗಿಲು ಹಾಕಿದವು. ಚೆಲುವ ಕೂಡ ಬಿಡದಿಯ ಒಂದು ಫ್ಯಾಕ್ಟರಿ ಗೇಟಿನಲ್ಲಿ ಸೆಕ್ಯೂರಿಟಿ ಆಗಿದ್ದ.

ಆ ವರ್ಷ ಬೇಸಿಗೆಯಲ್ಲಿ ಸುದ್ದಿ ಬಂತು: ‘ಬಿಸಿನೀರು’ ಮತ್ತೆ ಸೇರಿದೆ, ಹೊಸ ಹಾಡುಗಳ ಸಿ.ಡಿ. ತರುತ್ತಾರೆ, ಆಷಾಢದಲ್ಲಿ ಬಿಡುಗಡೆ.

ಮಾರುಕಟ್ಟೆಯ ಹಿಂದಿನ ಟೀ ಅಂಗಡಿ ನಮ್ಮ ಕಟ್ಟೆ. ಅಲ್ಲಿಗೆ ಬೇರೆ ಮಾತೇ ಬರದಂತಾಯಿತು. ಹೇಗಿರಬಹುದು? ಎಲ್ಲರ ಬಾಯಲ್ಲೂ ಅದೇ. ಟೆಂಪೋ ಓಡಿಸುವ ಮರಿಗೌಡ, ನನ್ನ ಜೊತೆ ಓದಿದವನು, ಮೊದಲ ದಿನವೇ ತೀರ್ಮಾನ ಕೊಟ್ಟ.

“ಹಳೇದ್ನೆ ಹಾಡ್ಲಿ ಕಣ್ಲಾ. ಅದೇ ಕೂಗು ಇರ್ಬೇಕು. ಇಲ್ದಿದ್ರೆ ಯಾಕ್ ಬೇಕು?”

“ಹಳೇದು ಬೇಕಾದ್ರೆ ಹಳೇ ಕ್ಯಾಸೆಟ್ ಹಾಕ್ಕೊ ಮಾವ,” ಎಂದ ಪುಟ್ಟಸ್ವಾಮಿ. ಅವನು ಕಾರು ಫ್ಯಾಕ್ಟರಿಯಲ್ಲಿ ಪೇಂಟ್ ವಿಭಾಗದಲ್ಲಿದ್ದ, ನಮಗಿಂತ ಒಂದು ತಲೆಮಾರು ಚಿಕ್ಕವನು. “ಹೊಸದು ಅಂದ್ಮೇಲೆ ಹೊಸಾದು ಬೇಕು. ಕೀಬೋರ್ಡು, ಕಂಪ್ಯೂಟರ್ ಬೀಟು. ಈ ಕಾಲ್ದಲ್ಲಿ ಡ್ರಮ್ಮು ಬಡ್ಕಂಡು ಕೂತ್ರೆ ಯಾರ್ ಕೇಳ್ತಾರೆ?”

“ನಿಂಗೆ ಏನ್ಲಾ ಗೊತ್ತು ಡ್ರಮ್ಮು? ಅನ್ವರ್ ಹೊಡುದ್ರೆ ನನ್ ಟೆಂಪೋ ತಾನಾಗೇ ಗೇರ್ ಬದಲಾಯಿಸ್ತಿತ್ತು.”

“ಅದುಕ್ಕೇ ನಿನ್ ಗೇರ್‌ಬಾಕ್ಸ್ ಹೋಗಿರದು.”

ಹೀಗೆ ದಿನವೂ. ಟೀ ಅಂಗಡಿಯವನಿಗೆ ಬೇರೆಯೇ ಚಿಂತೆ: ಐವತ್ತು ದಾಟಿದ ಚೆಲುವನಿಗೆ ಆ ಮೇಲಿನ ಸ್ವರ ಏಳುತ್ತದಾ, ಎದ್ದರೆ ನರ ಗಿರ ಕಿತ್ತುಕೊಂಡೀತಾ? ನನಗೋ ಬರಲಿ ಎಂಬ ಆಸೆಯೂ ಇತ್ತು, ಬಾರದಿದ್ದರೇ ಚೆನ್ನ ಎಂಬ ಅಳುಕೂ ಇತ್ತು. ಕೆಟ್ಟ ಹಾಡು ಬಂದರೆ ಹಳೆಯ ಎರಡು ಕ್ಯಾಸೆಟ್ಟಿನ ರುಚಿಯೂ ಕೆಟ್ಟುಹೋಗುತ್ತದೆ ಎಂಬ ಭಯ. ಆದರೆ ಎಲ್ಲಕ್ಕಿಂತ ಹೆಚ್ಚಾಗಿದ್ದುದು ಕುತೂಹಲ. ಮಳೆ ಬರುವ ಮುಂಚೆ ಆಕಾಶ ನೋಡುವಂತೆ ನಾವು ಬಿಡದಿ ಕಡೆ ನೋಡುತ್ತಿದ್ದೆವು. ಚೆಲುವನನ್ನು ಬಸ್ಸಿನಲ್ಲಿ ಕಂಡವರು ಅವನ ಮುಖದ ಮೇಲೆ ಏನಿತ್ತು ಎಂದು ಬಂದು ವರದಿ ಒಪ್ಪಿಸುತ್ತಿದ್ದರು.

ಬಿಡುಗಡೆಗೆ ಮೂರು ವಾರ ಇರುವಾಗ ಒಂದು ಸಂಜೆ ಅವನೇ ರಾಮನಗರದಲ್ಲಿ ಆಗ ನಾವಿದ್ದ ಮನೆಗೆ ಬಂದ. ಖಾಕಿ ಅಂಗಿಯಲ್ಲೇ ಇದ್ದ. ಜೇಬಿನಿಂದ ಒಂದು ಕ್ಯಾಸೆಟ್ಟು ತೆಗೆದ.

“ನಿನ್ ಹತ್ರ ಸಿ.ಡಿ. ಹಾಕೋದಿಲ್ಲ, ಟೇಪ್ ಮಾತ್ರ ಐತೆ ಅಂತ ಇದುಕ್ ಏರಿಸ್ಕಂಡ್ ಬಂದೆ ಕೆಂಪಣ್ಣ. ಎಲ್ಲಾ ಹಾಡೂ ಐತೆ. ಮೊದ್ಲು ಕೇಳೋನು ನೀನೇ.”

ಎರಡೂ ಕೈ ಪಂಚೆಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡೆ ಎಂದರೆ ನಗಬೇಡಿ.

“ಆದ್ರೆ ಒಂದು ಮಾತು. ಮನೇಲಿ ಒಬ್ನೇ ಕೂತ್ಕಂಡ್ ಕೇಳು. ಶೆಡ್ಡಿಗೆ ಹಾಕ್ಬ್ಯಾಡ. ಯಾರ್ಗೂ ಕೇಳಿಸ್ಬ್ಯಾಡ. ಚೆನ್ನಾಗಿಲ್ಲ ಅಂದ್ರೆ ಮುಲಾಜಿಲ್ದೆ ಯೋಳು, ಇನ್ನೂ ಟೈಮ್ ಐತೆ, ತಿದ್ತೀವಿ.”

“ಶೆಡ್ಡಿಗೆ ಯಾಕ್ ಬ್ಯಾಡ?” ಎಂದೆ.

“ಗೇಟಲ್ಲಿ ನಿಂತು ಕಟ್ಟಿದ ಹಾಡು ಅಣ್ಣ ಇವು,” ಎಂದ. ಹೊಸಿಲು ದಾಟುವಾಗ ತಿರುಗಿ ಹೇಳಿದ: “ಜನ ಬಂದ್ರೆ ಮುಂದುಕ್ಕೆ ಹೋಗದು, ಊರೂರಿಗೆ ಹೋಗಿ ಹಾಡದು ಅಂತ ಮಾತಾಡ್ಕಂಡಿದ್ದೀವಿ. ಬರ್ನಿಲ್ಲ ಅಂದ್ರೆ ಅನ್ವರ್ ಡ್ರಮ್ಮು ಮಾರ್ಬುಟ್ಟು ಮಗಳ ಮನೇಗೆ ಮಾಗಡಿಗೆ ಹೊರಟೋಯ್ತಾನೆ. ಇದೇ ಕೊನೆ.”

ಅವನು ಹೋದ ಮೇಲೆ ನಾನು ಮನೆಯಲ್ಲೇ ಕೇಳಬಹುದಿತ್ತು. ಹೆಂಡತಿ ತವರಿಗೆ ಹೋಗಿದ್ದಳು, ಮನೆ ಖಾಲಿಯಿತ್ತು. ಟೇಪ್ ರೆಕಾರ್ಡರು ಶೆಡ್ಡಿನಲ್ಲಿತ್ತು, ತರಬೇಕು ಅಷ್ಟೆ. ತರಲು ಹೊರಟೆ. ದಾರಿಯಲ್ಲಿ ಟೀ ಅಂಗಡಿ. ಮರಿಗೌಡ, ಪುಟ್ಟಸ್ವಾಮಿ, ಇನ್ನೂ ನಾಲ್ಕಾರು ಜನ ಅದೇ ಮಾತಾಡುತ್ತಿದ್ದರು. “ನಿಂಗೇನಾದ್ರೂ ಗೊತ್ತಾಯ್ತೇನ್ಲಾ ಕೆಂಪ?” ಎಂದ ಮರಿಗೌಡ. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾನು ನಕ್ಕು ಸುಮ್ಮನೆ ಜೇಬು ಮುಟ್ಟಿಕೊಂಡೆ. ಈ ವಯಸ್ಸಿನಲ್ಲಿ ಒಪ್ಪಿಕೊಳ್ಳಲು ನಾಚಿಕೆಯೇನು, ನನ್ನ ಹತ್ತಿರ ಇದೆ, ನಿಮ್ಮ ಹತ್ತಿರ ಇಲ್ಲ ಎಂದು ತೋರಿಸಿಕೊಳ್ಳುವ ಚಪಲ ಅದು. ಒಂದು ನಿಮಿಷದಲ್ಲಿ ಕ್ಯಾಸೆಟ್ಟು ಹೊರಗೆ ಬಂತು. ಎಲ್ಲರೂ ಎದ್ದರು.

“ನಡಿ ಶೆಡ್ಡಿಗೆ. ದಾಟ್ತದೋ ಇಲ್ವೋ ನೋಡ್ಬುಡನ.”

ಶೆಡ್ಡಿನಲ್ಲಿ ಸಂಜೆ ಪಾಳಿ ನಡೆಯುತ್ತಿತ್ತು. ಮಷಿನ್ನು ಓಡುತ್ತಿತ್ತು. ಕ್ಯಾಸೆಟ್ಟು ಹಾಕಿ ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದೆ. ಏನೂ ಕೇಳಲಿಲ್ಲ. ತಲೆಗೆ ತಲೆ ತಾಗಿಸಿಕೊಂಡು ಬಗ್ಗಿದೆವು. ಯಾರೋ ದೂರದಲ್ಲಿ ಗೊಣಗಿದಂತೆ ಒಂದು ದನಿ, ಬೆರಳಲ್ಲಿ ಪಾತ್ರೆ ತಟ್ಟಿದಂತೆ ಒಂದು ಸದ್ದು, ಮತ್ತೆ ಮಷಿನ್ನಿನ ಭರಭರ. ಎರಡನೇ ಹಾಡೂ ಹಾಗೆಯೇ. ಕೂಗು ಬರುತ್ತದೆ, ಈಗ ಬರುತ್ತದೆ ಎಂದು ಕಾದೆವು. ಬರಲಿಲ್ಲ. ಬೇಸಿನ್ ಮುಂದಿನ ಹೆಂಗಸರು ಏನಾಗುತ್ತಿದೆ ಎಂದು ತಿರುಗಿ ನೋಡಿ, ಏನೂ ಆಗುತ್ತಿಲ್ಲವೆಂದು ಮತ್ತೆ ನೂಲಿಗೆ ತಿರುಗಿಕೊಂಡರು.

ಮರಿಗೌಡ ನನ್ನ ಕಿವಿಯ ಹತ್ತಿರ ಬಾಯಿ ತಂದು ಕೂಗಿದ: “ಸತ್ತೋಗವ್ನೆ ಕಣ್ಲಾ ಇವ್ನು!”

ಪುಟ್ಟಸ್ವಾಮಿ ಎರಡೂ ಅಂಗೈ ಕೆನ್ನೆಗೆ ಹಚ್ಚಿ ನಿದ್ದೆ ಮಾಡುವವನಂತೆ ನಟಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೋಟರಿನ ಸ್ವಿಚ್ಚು ನನ್ನ ಬಲಗೈ ಪಕ್ಕದಲ್ಲೇ ಇತ್ತು. ಒತ್ತಿದ್ದರೆ ಶೆಡ್ಡು ಗಪ್ ಚಿಪ್ ಆಗುತ್ತಿತ್ತು. ಆದರೆ ಹಾಡಿಗಾಗಿ ಮಷಿನ್ನು ನಿಲ್ಲಿಸುವುದೆಂದರೆ ನಮ್ಮ ಲೆಕ್ಕದಲ್ಲಿ ಹಾಡು ಸೋತಂತೆ. ಸೋತದ್ದನ್ನು ಮತ್ತೆ ಕೇಳುವುದೇನು ಎಂದುಕೊಂಡೆ. ನಾಲ್ಕನೇ ಹಾಡಿಗೆ ಕ್ಯಾಸೆಟ್ಟು ತೆಗೆದು ಜೇಬಿಗೆ ಹಾಕಿಕೊಂಡೆ. ಆಮೇಲೆ ಅದನ್ನು ಮನೆಯಲ್ಲೂ ಕೇಳಲಿಲ್ಲ. ನಿರಾಸೆಯನ್ನು ಎರಡು ಸಲ ಯಾರು ಪಡುತ್ತಾರೆ?

ಆ ವಾರದೊಳಗೆ ಸುದ್ದಿ ಮರಿಗೌಡನ ಟೆಂಪೋ ಹತ್ತಿ ಮಾಗಡಿ ಮುಟ್ಟಿತು, ಪುಟ್ಟಸ್ವಾಮಿಯ ಜೊತೆ ಫ್ಯಾಕ್ಟರಿ ಬಸ್ಸಿನಲ್ಲಿ ಬಿಡದಿ ಮುಟ್ಟಿತು. ‘ಕೆಂಪಣ್ಣನೇ ಕೇಳಿದಾನೆ, ಏನೂ ಇಲ್ಲವಂತೆ.’ ಚನ್ನಪಟ್ಟಣದ ಬೊಂಬೆಯವರೊಬ್ಬರು ನನ್ನನ್ನೇ ಹುಡುಕಿಕೊಂಡು ಬಂದು ಕೇಳಿದರು. ಶೆಡ್ಡು ದಾಟಲಿಲ್ಲ ಎಂದೆ. ಅಷ್ಟು ಸಾಕಾಗಿತ್ತು. ಅಭಿಮಾನಿಗಳಲ್ಲಿ ನಾನು ಹಿರಿಯ, ಮೊದಲೆರಡು ಕ್ಯಾಸೆಟ್ಟೂ ನನ್ನ ಶೆಡ್ಡಿನಲ್ಲೇ ದಾಟಿದ್ದು. ನನ್ನ ಮಾತಿಗೆ ಅಷ್ಟು ತೂಕ. ಚೆಲುವನ ಕಿವಿಗೆ ಮಾತ್ರ ಯಾರೂ ಅದನ್ನು ಹಾಕಲಿಲ್ಲ.

ಚೆಲುವ ಮುಂದಿನ ವಾರ ಬಂದ. ಒಳಗೂ ಬಾರದೆ ಜಗಲಿಯ ಮೇಲೇ ನಿಂತು, “ಕೇಳ್ದಾ ಅಣ್ಣ?” ಎಂದ.

“ಕೇಳ್ದೆ.”

“ಹೆಂಗೈತೆ?”

ಅವನ ಮುಖ ನೋಡಿ ನಿಜ ಹೇಳುವ ಮನಸ್ಸಾಗಲಿಲ್ಲ. “ಚೆನ್ನಾಗೈತೆ ಕಣೋ,” ಎಂದೆ.

“ನಿಜ್ವಾಗ್ಲೂ?”

“ನಿಜ್ವಾಗ್ಲೂ ಕಣೋ. ಒಳ್ಳೇ ಬದಲಾವಣೆ.”

ಅವನು ಕೂತುಬಿಟ್ಟ. ನಿಂತಿದ್ದವನು ಹಾಗೇ ಜಗಲಿಯ ಮೇಲೆ ಕುಸಿದು ಕೂತು, ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಒಸಿ ನೀರು ಕೊಡು ಎಂದು ಕೇಳಿದ. ಕುಡಿಯುವಾಗ ಅವನ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡುತ್ತ ನಿಂತಿದ್ದೆ. ನಿಜ ಹೇಳಿದ್ದರೆ ಅವನು ಎಲ್ಲಿ ಕೇಳಿದೆ ಎನ್ನುತ್ತಿದ್ದ. ಶೆಡ್ಡಿನಲ್ಲಿ ಎಂದಾಗ, ಮನೆಯಲ್ಲಿ ಕೇಳು ಎನ್ನುತ್ತಿದ್ದ. ಎಲ್ಲ ಅಲ್ಲಿಗೇ ಸರಿಹೋಗುತ್ತಿತ್ತು. ನನ್ನ ಒಳ್ಳೆಯ ಮಾತೇ ಆ ದಾರಿಗೂ ಅಡ್ಡ ಬಂತು.

ಆಷಾಢದಲ್ಲಿ ಮದುವೆಯಿಲ್ಲವಾದ್ದರಿಂದ ಚನ್ನಪಟ್ಟಣದ ಒಂದು ಕಲ್ಯಾಣ ಮಂಟಪ ಅವರಿಗೆ ಸುಲಭವಾಗಿ ಸಿಕ್ಕಿತ್ತು. ಭಾನುವಾರ ಮಧ್ಯಾಹ್ನ. ಆಷಾಢದ ಗಾಳಿ ರಸ್ತೆಯ ಅಗಲೀಕರಣದ ಕೆಂಪು ಧೂಳನ್ನೆಲ್ಲ ಎತ್ತಿ ಎರಚುತ್ತಿತ್ತು. ನಾನು ಹೋಗದೆ ಇರಬಹುದಿತ್ತು. ಹೋದೆ. ಎಷ್ಟು ಜನ ಬಂದಿರುತ್ತಾರೆಂದು ನೋಡುವ ಕುತೂಹಲ ಅದು, ಒಳ್ಳೆಯತನವಲ್ಲ.

ಮಂಟಪದ ತುಂಬ ಕುರ್ಚಿ ಹಾಕಿದ್ದರು. ಮುಂದಿನ ಎರಡು ಸಾಲಿನಲ್ಲಿ ಅವರವರ ಮನೆಯವರು, ಅನ್ವರನ ಬೀಗರು, ಫ್ಯಾಕ್ಟರಿ ಗೇಟಿನ ಒಂದಿಬ್ಬರು ಸಂಗಾತಿಗಳು. ಹಿಂದೆಲ್ಲ ಖಾಲಿ. ಮರಿಗೌಡ ಇಲ್ಲ, ಪುಟ್ಟಸ್ವಾಮಿ ಇಲ್ಲ, ಟೀ ಅಂಗಡಿಯವರು ಯಾರೂ ಇಲ್ಲ. ನಾನು ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕೂತೆ. ಚೆಲುವ ಅಲ್ಲಿಂದಲೇ ಕಂಡುಹಿಡಿದ.

“ಮೊದ್ಲು ಕೇಳಿ ಒಪ್ಕಂಡೋರು ನಮ್ ಕೆಂಪಣ್ಣ,” ಎಂದು ಮೈಕಿನಲ್ಲಿ ಹೇಳಿದ. “ಅವ್ರು ಬಂದವ್ರೆ. ಸಾಕು. ಶುರು ಮಾಡನ.”

ಅನ್ವರ್ ಡ್ರಮ್ಮಿನ ಕೋಲು ಕೆಳಗಿಟ್ಟ. ಒಂದು ಹಳೆಯ ಬೇಸಿನ್ನನ್ನು ತೊಡೆಯ ಮೇಲೆ ಮಗುಚಿಕೊಂಡು ಬೆರಳಿನಿಂದ ತಟ್ಟತೊಡಗಿದ. ಚೆಲುವ ಕೂಗಲಿಲ್ಲ. ಪಕ್ಕದಲ್ಲಿ ಕೂತವನಿಗೆ ಹೇಳುವ ಹಾಗೆ ಹಾಡಿದ. ಆ ಖಾಲಿ ಮಂಟಪದಲ್ಲಿ ಒಂದೊಂದು ಮಾತೂ ನನ್ನವರೆಗೆ ನಡೆದುಕೊಂಡು ಬಂತು. ಆಗ ನನಗೆ ತಿಳಿಯಿತು. ಹಿಂದೆ ಅವನು ಕೂಗಿದ್ದು ಸಿಟ್ಟಿನಿಂದಲೋ ಹುರುಪಿನಿಂದಲೋ ಎಂದು ನಾವು ಇಪ್ಪತ್ತು ವರ್ಷ ವಾದ ಮಾಡಿದ್ದೆವು. ಮಷಿನ್ನು ಓಡುತ್ತಿತ್ತು, ಅದಕ್ಕೇ ಕೂಗಿದ್ದ. ಈಗ ಮಷಿನ್ನು ನಿಂತಿದೆ, ಅವನು ಗೇಟಿನಲ್ಲಿ ಸದ್ದಿಲ್ಲದ ರಾತ್ರಿಗಳಲ್ಲಿ ನಿಂತು ಬಂದಿದ್ದಾನೆ, ಕೂಗುವ ಅಗತ್ಯವೇ ಅವನಿಗಿಲ್ಲ.

ಕೊನೆಯ ಹಾಡಿಗೆ ಅನ್ವರನೂ ಕೈ ನಿಲ್ಲಿಸಿದ. ಗಿಟಾರಿನ ಒಂದೇ ತಂತಿ.

ನೀರು ಆರಿದ ಮೇಲೆ ಬೆರಳು ಕೇಳ್ತಾವೆ
ಇನ್ನೇನ ಹಿಡಿಯೋಣ ನಾವು

ನಾನು ನನ್ನ ಕೈ ನೋಡಿಕೊಂಡೆ. ಪಕ್ಕದ ಶೆಡ್ಡಿನ ಬೀಗ, ಬಸ್ಸಿಗೆ ಕಾಯುವ ಹುಡುಗರು, ಬೆಳ್ಳಗೆ ಸುಕ್ಕಿದ ಬೆರಳಿನ ಹೆಂಗಸರು, ಎಲ್ಲ ಅದರಲ್ಲಿತ್ತು. ಅಷ್ಟು ಒಳ್ಳೆಯ ಹಾಡನ್ನು ಅವರ ಹಳೆಯ ಎರಡು ಕ್ಯಾಸೆಟ್ಟಿನಲ್ಲೂ ನಾನು ಕೇಳಿರಲಿಲ್ಲ.

ಎಲ್ಲ ಮುಗಿದು ಜನ ಹೊರಟ ಮೇಲೆ ವೇದಿಕೆಯ ಹತ್ತಿರ ಹೋದೆ. ಚೆಲುವ ವೈರು ಸುತ್ತುತ್ತಿದ್ದ. ಜನ ಬಾರದ್ದು ಅವನಿಗೆ ಅರ್ಥವಾಗಿರಲಿಲ್ಲ, ಗಾಳಿ ಜಾಸ್ತಿ ಎಂದೋ ಬಸ್ಸಿಲ್ಲ ಎಂದೋ ಅನ್ವರನಿಗೆ ಹೇಳುತ್ತಿದ್ದ. ನನ್ನನ್ನು ನೋಡಿ ನಕ್ಕ.

“ಜನ ಬರ್ನಿಲ್ಲ ಬುಡು. ನೀನ್ ಯೋಳಣ್ಣ, ಕ್ಯಾಸೆಟ್ಟಲ್ಲಿ ಕೇಳಿದ್ಯಲ್ಲ, ನಿಂಗೆ ಹಿಡಿಸಿದ್ದು ಯಾವ್ದು?”

ಮನಸ್ಸು ತುಂಬಿದ್ದಾಗ ಮನುಷ್ಯ ಯೋಚಿಸುವುದಿಲ್ಲ. “ಕೊನೇದು ಕಣೋ,” ಎಂದೆ. “ನೀರು ಆರಿದ ಮೇಲೆ. ಅವತ್ತಿಂದ ಅದೇ ಗುಂಗು.”

ವೈರು ಸುತ್ತುವ ಕೈ ನಿಂತಿತು.

“ಅದು ಕ್ಯಾಸೆಟ್ಟಲ್ಲಿ ಇಲ್ವಲ್ಲ ಕೆಂಪಣ್ಣ. ಸಿ.ಡಿ.ಲೂ ಇಲ್ಲ. ನೀನು ಚೆನ್ನಾಗೈತೆ ಅಂದ್ಯಲ್ಲ, ಆ ಖುಸಿಗೆ ಹೋದ್ವಾರ ಕಟ್ಟಿದ್ದು. ಇವತ್ತೇ ಮೊದ್ಲು ಹಾಡಿದ್ದು.”

ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಸಿಟ್ಟಿನಿಂದಲ್ಲ, ಯಾವುದೋ ಕೆಟ್ಟ ಮೋಟರನ್ನು ಬಿಚ್ಚಿ ಎಲ್ಲಿ ಹೋಗಿದೆ ಎಂದು ನೋಡುವವನಂತೆ.

“ಎಲ್ ಕೇಳ್ದೆ ಅಣ್ಣ?”

“ಶೆಡ್ಡಲ್ಲಿ.”

“ಮಷಿನ್ ಓಡ್ತಿತ್ತಾ?”

“ಹೂಂ.”

“ಯಾರ್ಯಾರಿದ್ರು?”

ಹೇಳಿದೆ. ಮರಿಗೌಡ ಎಂದಾಗ ಅವನು ಎರಡನೇ ಸಾಲಿನ ಹಿಂದಿನ ಒಂದು ಖಾಲಿ ಕುರ್ಚಿ ನೋಡಿದ. ಪುಟ್ಟಸ್ವಾಮಿ ಎಂದಾಗ ಅದರ ಪಕ್ಕದ್ದು. ಒಂದೊಂದು ಹೆಸರಿಗೂ ಒಂದೊಂದು ಕುರ್ಚಿ. ಹೆಸರುಗಳು ಮುಗಿದ ಮೇಲೂ ಅವನ ಕಣ್ಣು ಆ ಸಾಲುಗಳ ಮೇಲೆ ಸರಿಯುತ್ತಲೇ ಇತ್ತು. ಆಮೇಲೆ ಬಗ್ಗಿ ವೈರು ಸುತ್ತುವುದನ್ನು ಮುಂದುವರಿಸಿದ.

“ಬಸ್ಸು ತಪ್ಪೋಯ್ತದೆ, ನೀನ್ ಹೊರಡಣ್ಣ.”

ಹೊರಡುವಾಗ ಒಂದು ಸಿ.ಡಿ. ತೆಗೆದುಕೊಂಡೆ. ಮಾರನೆಯ ದಿನ ಮರಿಗೌಡನ ಮುಂದೆ ಹಿಡಿದು, ಸದ್ದಿಲ್ಲದ ಕಡೆ ಕೂತು ಕೇಳು ಮಾರಾಯ, ನಾನು ತಪ್ಪು ತಿಳಿದುಕೊಂಡಿದ್ದೆ ಎಂದು ಬೇಡಿಕೊಂಡೆ. “ಮೊನ್ನೆ ಏನೂ ಇಲ್ಲ ಅಂದೋನೂ ನೀನೇ, ಇವತ್ತು ಕೇಳು ಅನ್ನೋನೂ ನೀನೇ. ಚೆಲುವ ಕಾಫಿ ಕುಡ್ಸುದ್ನೇನ್ಲಾ?” ಎಂದು ನಕ್ಕು ಗಾಡಿ ಸ್ಟಾರ್ಟು ಮಾಡಿದ. ಬೇರೆಯವರೂ ಹೀಗೆಯೇ. ಅವರಿಗೆ ಕುತೂಹಲ ಮುಗಿದಿತ್ತು. ಕೇಳದೆಯೇ ಮುಗಿಸಿಬಿಟ್ಟಿದ್ದರು, ನಾನೇ ಮುಗಿಸಿಕೊಟ್ಟಿದ್ದೆ. ಶ್ರಾವಣಕ್ಕೆ ಮುಂಚೆ ಅನ್ವರ್ ಡ್ರಮ್ಮು ಮಾರಿ ಮಾಗಡಿಗೆ ಹೋದ. ಎರಡು ವರ್ಷದ ಮೇಲೆ ನಾನೂ ಶೆಡ್ಡು ಮುಚ್ಚಿದೆ.

ಚೆಲುವ ಈಗ ಕೋಡಿಹಳ್ಳಿಯಲ್ಲಿದ್ದಾನೆ, ಎರಡು ಹಸು ಸಾಕಿಕೊಂಡು. ಎಷ್ಟೋ ವರ್ಷ ಅವನ ಮನೆಗೆ ಹೋಗುವ ಧೈರ್ಯ ಬರಲಿಲ್ಲ. ಹೋದಾಗ ಅವನು ಏನೂ ಆಗದವನಂತೆ ಕಾಫಿ ಕೊಟ್ಟ. ತಪ್ಪಾಯ್ತು ಕಣೋ ಎಂದೆ. ಆಗ್ಲಿ ಬುಡಣ್ಣ ಎಂದ. ಇನ್ನೂ ಹಾಡು ಕಟ್ಟುತ್ತೀಯಾ ಎಂದು ಕೇಳದೆ ಇರಲು ನನ್ನಿಂದ ಆಗಲಿಲ್ಲ.

“ಕಟ್ತೀನಿ. ಬೇಕಾದಷ್ಟವೆ.”

“ಒಂದು ಹಾಡೋ.”

“ಇಲ್ಲ ಅಣ್ಣ. ಯಾರ್ಗೂ ಕೇಳ್ಸಲ್ಲ.”

ಅದನ್ನು ಅವನು ಸಲೀಸಾಗಿ, ಹಾಲು ಡೈರಿಗೆ ಹಾಕಿ ಬಂದೆ ಎನ್ನುವ ಧಾಟಿಯಲ್ಲಿ ಹೇಳಿದ. ನಾನು ತಿಂಗಳಿಗೊಮ್ಮೆ ಹೋಗುತ್ತೇನೆ. ಮಳೆ, ಹಸು, ಮಂಡಿನೋವು ಮಾತಾಡಿಕೊಂಡು ಬರುತ್ತೇನೆ. ಅವು ಹೇಗಿರಬಹುದು, ಇನ್ನೂ ಮೆತ್ತಗಾಗಿವೆಯೋ, ಮತ್ತೆ ಕೂಗು ಬಂದಿದೆಯೋ, ನೀರು ಆರಿದ ಹಾಡು ಅವನಿಗಾದರೂ ನೆನಪಿದೆಯೋ ಎಂದು ಬಸ್ಸಿನಲ್ಲಿ ಹೋಗುವಾಗಲೂ ಬರುವಾಗಲೂ ಯೋಚಿಸುತ್ತೇನೆ. ಒಂದು ಸಲ ಅವನ ಕೊಟ್ಟಿಗೆ ದಾಟುವಾಗ ಒಳಗಿನಿಂದ ತಂತಿಯ ಸದ್ದು ಕೇಳಿತು. ಉಸಿರು ಹಿಡಿದು ನಿಂತೆ. ನನ್ನ ಚಪ್ಪಲಿಗೆ ಕಲ್ಲು ಸಿಕ್ಕಿ ಸದ್ದಾಗಿ ಅದು ನಿಂತಿತು. ಚೆಲುವ ಬಾಗಿಲಿಗೆ ಬಂದ, ಅವನ ಮುಖ ನೋಡಲು ನನ್ನಿಂದಾಗಲಿಲ್ಲ.

ಆಮೇಲಿಂದ ಅವನ ಮನೆ ಇನ್ನೂ ದೂರ ಇರುವಾಗಲೇ ಜೋರಾಗಿ ಕೆಮ್ಮುತ್ತೇನೆ.